‘ಕಪ್ಪು ಕಲ್ಲು’ ಅಂದರೆ ಯಾವ ಕಲ್ಲು? ಶಾಸನಶಿಲೆಯ ಖನಿಜಗಳನ್ನು ಗುರುತಿಸುವ ಬಗೆ

ಶಾಸನಗಳ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಓದುವಾಗ ನನ್ನನ್ನು ಪದೇ ಪದೇ ತಡೆದು ನಿಲ್ಲಿಸುವ ಮಾತು ಒಂದಿದೆ: "ಕಪ್ಪು ಕಲ್ಲು". ಊರು, ಹೋಬಳಿ, ತಾಲ್ಲೂಕು, ದೇವಸ್ಥಾನದ ಯಾವ ಬದಿ, ಎಷ್ಟು ಅಡಿ ಎತ್ತರ, ಎಷ್ಟು ಸಾಲು, ಯಾವ ಅರಸ, ಯಾವ ಶಕವರ್ಷ, ಎಲ್ಲವೂ ಅಚ್ಚುಕಟ್ಟಾಗಿ ಇರುತ್ತೆ. ಕಲ್ಲು ಯಾವುದು ಅನ್ನುವ ಕಡೆಗೆ ಬಂದಾಗ ಮಾತ್ರ "ಕಪ್ಪು ಕಲ್ಲು", ಇಲ್ಲದಿದ್ದರೆ "ಗ್ರಾನೈಟ್". ಎರಡೂ ಗುರುತಲ್ಲ. ಮೊದಲನೆಯದು ಬಣ್ಣ, ಎರಡನೆಯದು ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿರುವ ಎಲ್ಲ ಕಲ್ಲಿಗೂ ಬಿದ್ದುಹೋಗಿರುವ ಅಡ್ಡಹೆಸರು.

ನಾನು ಭೂವಿಜ್ಞಾನ ಓದಿದವನಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ, ರಜೆ ಸಿಕ್ಕಾಗಲೆಲ್ಲ ವೀರಗಲ್ಲು ಹುಡುಕಿಕೊಂಡು ಹೋಗುವವನು. ಲಿಪಿಯನ್ನು ಪುಸ್ತಕ ಇಟ್ಟುಕೊಂಡು ಕಲಿತ ಹಾಗೆಯೇ ಕಲ್ಲನ್ನೂ ಕಲಿತೆ. ಬೇಕಾಗುವ ಸಾಮಾನು ಒಂದು ಡಬ್ಬಿಯಲ್ಲಿ ಹಿಡಿಸುತ್ತೆ: ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ತಾಮ್ರದ ತಂತಿಯ ತುಂಡು, ಒಂದು ಉಕ್ಕಿನ ಮೊಳೆ, ಹಳೆಯ ಹಾರ್ಡ್‌ಡಿಸ್ಕ್‌ನಿಂದ ಬಿಚ್ಚಿದ ಅಯಸ್ಕಾಂತ, ಬಚ್ಚಲುಮನೆಯ ಒಡೆದ ಟೈಲ್‌ನ ಚೂರು, ಒಂದು ನಿಂಬೆಹಣ್ಣು. ತೂಕ ನೋಡುವ ತಕ್ಕಡಿ ಮನೆಯಲ್ಲಿದ್ದರೆ ಸಾಕು.

ಕಲ್ಲಿನ ಹೆಸರು ಗೊತ್ತಾಗಿ ಏನಾಗಬೇಕು, ಅಕ್ಷರ ಓದಿದರೆ ಸಾಲದೇ ಅಂತ ಕೇಳಬಹುದು. ತೇದಿಯಿಲ್ಲದ ಶಾಸನದ ಕಾಲವನ್ನು ನಾವು ಹೇಗೆ ಹೇಳುತ್ತೇವೆ ಎಂದು ಯೋಚಿಸಿ. "ಲಿಪಿಯ ಆಧಾರದ ಮೇಲೆ ಇಷ್ಟನೇ ಶತಮಾನ" ಅಂತ ತಾನೆ? ಬೇಲೂರಿನ ಚೆನ್ನಕೇಶವ ದೇವಾಲಯದ (1117) ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತಿಕೊಂಡಿದ್ದಾರೆ. ಬಳ್ಳಿಯ ಹಾಗೆ ದುಂಡಗೆ ಬಳುಕುವ ಗೆರೆ. ಅದು ಬಳಪದ ಕಲ್ಲು. ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಅದೇ ದಶಕದಲ್ಲಿ ಕೋಲಾರದ ಕಡೆಯ ಯಾವುದೋ ಹಳ್ಳಿಯ ಒಡ್ಡು ಬಂಡೆಯ ಮೇಲೆ ಒಬ್ಬ ಕಲ್ಲುಕುಟಿಗ ವೀರಗಲ್ಲು ಬರೆದಿದ್ದರೆ ಅವನ ಅಕ್ಷರ ದೊಡ್ಡದು, ಮೊಂಡು, ಮೂಲೆ ಮೂಲೆ. ಅಲ್ಲಿನ ಕಣವೇ ಮೂರು ನಾಲ್ಕು ಮಿಲಿಮೀಟರ್ ಇರುತ್ತೆ. ಕಣಕ್ಕಿಂತ ತೆಳುವಾದ ಗೆರೆಯನ್ನು ಯಾವ ಉಳಿಯೂ ಕೆತ್ತಲಾರದು. ಕೆತ್ತಲು ಹೋದರೆ ಕಣವೇ ಎದ್ದುಬರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು "ಇದು ಒರಟು, ಆದ್ದರಿಂದ ನೂರು ವರ್ಷ ಹಳೆಯದು" ಎಂದರೆ ನಾವು ಕಾಲವನ್ನಲ್ಲ, ಕಲ್ಲನ್ನು ಓದಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಶಿಲೆ ಯಾವುದೆಂದು ಹೇಳದೆ ಬರೀ ಲಿಪಿಯಿಂದ ಕಾಲ ಹೇಳಿರುವ ಟಿಪ್ಪಣಿಯನ್ನು ಅರ್ಧ ಮಾತ್ರ ನಂಬಬೇಕು.

ಮುಂದೆ ಹೋಗುವ ಮುನ್ನ ಒಂದು ಕಟ್ಟುನಿಟ್ಟಿನ ಮಾತು. ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಕಣ್ಣಿನಿಂದ ನೋಡುವುದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಶಾಸನದ ಕಲ್ಲಿನ ಮೇಲೆ ಮಾಡುವಂತಿಲ್ಲ. ಅಕ್ಷರ ಇಲ್ಲದ ಹಿಂಭಾಗದಲ್ಲೂ ಇಲ್ಲ. ಸಂರಕ್ಷಿತ ಸ್ಮಾರಕವಾದರೆ 1958ರ ಕಾಯ್ದೆಯ ಪ್ರಕಾರ ಅದು ಅಪರಾಧ. ಸಂರಕ್ಷಿತವಲ್ಲದ ಕಲ್ಲಿನ ಮೇಲೆ ಮಾಡಿದರೂ ತಪ್ಪು ತಪ್ಪೇ. ಹಾಗಾದರೆ ಎಲ್ಲಿ? ಬಹುಪಾಲು ವೀರಗಲ್ಲು, ದಾನಶಾಸನಗಳ ಕಲ್ಲು ಅದೇ ಊರಿನದ್ದು. ಊರಾಚೆ ಹೋದರೆ ಅದೇ ಬಂಡೆ ಹೊಲದ ಬದುವಿನಲ್ಲಿ ಎದ್ದಿರುತ್ತೆ, ಬಾವಿ ತೋಡಿದ ಕಡೆ ಅದರ ಚೂರು ಬಿದ್ದಿರುತ್ತೆ. ಮಸೂರದಲ್ಲಿ ಎರಡೂ ಒಂದೇ ಎಂದು ನೋಡಿಕೊಂಡು, ಆ ಚೂರನ್ನು ಮನೆಗೆ ತಂದು ಏನು ಬೇಕಾದರೂ ಮಾಡಿ. ಊರಿನ ಸುತ್ತ ಎಲ್ಲೂ ಅಂಥ ಕಲ್ಲೇ ಇಲ್ಲ ಅಂತಾದರೆ ಅದೂ ಒಂದು ಸುದ್ದಿ. ಕಲ್ಲು ಹೊರಗಿನಿಂದ ಬಂದಿದೆ, ಯಾರೋ ಖರ್ಚು ಮಾಡಿ ತರಿಸಿದ್ದಾರೆ.

ಮೊದಲು ಕಣ್ಣು

ಕಲ್ಲು ಬೇರೆ, ಖನಿಜ ಬೇರೆ. ಖನಿಜ ಅಂದರೆ ನಿರ್ದಿಷ್ಟ ರಾಸಾಯನಿಕ ಸಂಯೋಜನೆ ಮತ್ತು ಹರಳಿನ ಕಟ್ಟು ಇರುವ ವಸ್ತು. ಕಲ್ಲು ಅಂದರೆ ಅಂಥ ಖನಿಜಗಳ ಮಿಶ್ರಣ. ಚಿತ್ರಾನ್ನದಲ್ಲಿ ಅನ್ನ, ಕಡಲೆಬೀಜ, ಅರಿಶಿನ ಇರುವ ಹಾಗೆ. ನಾವು ಕಲ್ಲನ್ನು ಗುರುತಿಸಬೇಕಾದರೆ ಅದರೊಳಗಿನ ಕಾಳುಗಳನ್ನು ಗುರುತಿಸಬೇಕು. ದಕ್ಷಿಣ ಕರ್ನಾಟಕದ ಶಾಸನಗಳಿಗೆ ಏಳೆಂಟು ಖನಿಜ ಗೊತ್ತಿದ್ದರೆ ಸಾಕಾಗುತ್ತೆ.

ಬೆಂಗಳೂರಿನ ಲಾಲ್‌ಬಾಗ್ ಬಂಡೆಯಿಂದ ಶುರು ಮಾಡುವುದು ಒಳ್ಳೆಯದು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಪೆನಿನ್ಸುಲಾರ್ ಗ್ನೈಸ್, ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹಳೆ ಮೈಸೂರಿನ ಎಷ್ಟೋ ಶಾಸನಗಳು ಈ ಜಾತಿಯ ಕಲ್ಲಿನ ಮೇಲಿವೆ. ಬೆಳ್ಳಗೆ, ಕಪ್ಪಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಮಸೂರ ಹಿಡಿದು ಹೊಸ ಮುರಿತದ ಮುಖವನ್ನು ಬಿಸಿಲಲ್ಲಿ ತಿರುಗಿಸಿ. ಒಡೆದ ಗಾಜಿನ ಹಾಗೆ, ಬೂದಿಬಣ್ಣದಲ್ಲಿ, ಚಪ್ಪಟೆ ಮುಖವೇ ಇಲ್ಲದೆ ಇರುವ ಕಣ ಬೆಣಚು, ಅಂದರೆ ಕ್ವಾರ್ಟ್ಸ್. ಬಿಳಿ ಅಥವಾ ಗುಲಾಬಿ, ತಿರುಗಿಸಿದಾಗ ಒಂದು ಕೋನದಲ್ಲಿ ಫಕ್ಕನೆ ಕನ್ನಡಿಯಂತೆ ಹೊಳೆಯುವುದು ಫೆಲ್ಡ್‌ಸ್ಪಾರ್. ಅದಕ್ಕೆ ಸೀಳು ಇದೆ. ಹೆಚ್ಚುಕಡಿಮೆ ಲಂಬಕೋನದಲ್ಲಿ ಎರಡು ದಿಕ್ಕಿಗೆ ನೀಟಾಗಿ ಒಡೆಯುತ್ತೆ. ಕಪ್ಪಗೆ, ಪದರ ಪದರವಾಗಿ, ಸೂಜಿಮೊನೆಗೆ ಎದ್ದುಬರುವುದು ಬಯೋಟೈಟ್ ಅನ್ನುವ ಅಭ್ರಕ.

ಈ ಸೀಳಿನ ವಿಚಾರ ಓದುವಿಕೆಗೆ ನೇರವಾಗಿ ಬೇಕಾಗುತ್ತೆ. ರಾಮನಗರದಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್‌ನಲ್ಲಿ (ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ) ಫೆಲ್ಡ್‌ಸ್ಪಾರ್ ಹರಳುಗಳು ಬೆರಳಿನ ಗೆಣ್ಣಿನಷ್ಟು ದೊಡ್ಡವಿರುತ್ತವೆ. ಮಳೆನೀರಿಗೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಕರಗಿ ಬಿಳಿ ಜೇಡಿಯಾಗುತ್ತೆ. ಪಕ್ಕದ ಬೆಣಚಿಗೆ ಏನೂ ಆಗುವುದಿಲ್ಲ. ಜೇಡಿ ತೊಳೆದುಹೋದ ಮೇಲೆ ಅಲ್ಲೊಂದು ಗುಳಿ. ಪಡಿಯಚ್ಚು ತೆಗೆದಾಗ ಆ ಗುಳಿ ಅಕ್ಷರದಷ್ಟೇ ಬೆಳ್ಳಗೆ ಬರುತ್ತೆ. ಅದು ಹೆಸರಿನ ಕೊನೆಯಲ್ಲಿ ಬಿದ್ದರೆ ಅನುಸ್ವಾರ! ಹಳಗನ್ನಡದಲ್ಲಿ "ಮಾರ" ಎನ್ನುವುದಕ್ಕೂ "ಮಾರಂ" ಎನ್ನುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಆ ಒಂದು ಸೊನ್ನೆಯ ಮೇಲೆ ಕರ್ತೃ ಯಾರು, ಹೋರಾಡಿ ಸತ್ತವನು ಯಾರು, ಕಲ್ಲು ನಿಲ್ಲಿಸಿದವನು ಯಾರು ಅನ್ನುವುದು ನಿಂತಿರುತ್ತೆ. ಅನುಮಾನ ಬಂದಾಗ ನಾನು ಪಡಿಯಚ್ಚನ್ನು ಬದಿಗಿಟ್ಟು ಕಲ್ಲಿನ ಹತ್ತಿರ ಕೂರುತ್ತೇನೆ. ಟಾರ್ಚನ್ನು ಓರೆಯಾಗಿ ಬಿಟ್ಟು ಮಸೂರದಲ್ಲಿ ಗುಳಿಯ ಗೋಡೆ ನೋಡಿದರೆ, ಹರಳು ಉದುರಿದ ಗುಳಿಗೆ ನೇರ ಅಂಚು, ಮೂಲೆ, ಕೆಲವು ಸಲ ತಳದಲ್ಲಿ ಇನ್ನೂ ಉಳಿದ ಬಿಳಿ ಜೇಡಿ. ಉಳಿಯಿಂದ ಹೊಡೆದ ಸೊನ್ನೆಗೆ ದುಂಡನೆ ಅಂಚು, ತಳದಲ್ಲಿ ಜಜ್ಜಿದ ಕಣ. ಅಷ್ಟಾದ ಮೇಲೆ ಇತರ ಸಾಲುಗಳ ಸೊನ್ನೆಯ ಆಳದ ಜತೆ ಹೋಲಿಸಿ ನೋಡುವುದು.

ಒರೆ ಮತ್ತು ಗಡಸುತನ

ಖನಿಜದ ಬಣ್ಣ ನಂಬುವ ವಸ್ತುವಲ್ಲ. ಬೆಣಚುಕಲ್ಲೇ ಬಿಳಿ, ಗುಲಾಬಿ, ನೇರಳೆ, ಹೊಗೆಬಣ್ಣ ಎಲ್ಲದರಲ್ಲೂ ಸಿಗುತ್ತೆ. ನಂಬಬಹುದಾದದ್ದು ಅದರ ಪುಡಿಯ ಬಣ್ಣ. ಇದನ್ನು ನಮ್ಮ ಅಕ್ಕಸಾಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒರೆಗಲ್ಲಿನ ಮೇಲೆ ಚಿನ್ನ ಉಜ್ಜಿ ಗೆರೆ ನೋಡುವುದು ಇದೇ ಪರೀಕ್ಷೆ. ಚಿನ್ನಕ್ಕೆ ಕಪ್ಪು ಒರೆಗಲ್ಲು, ಖನಿಜಕ್ಕೆ ಬಿಳಿ ಒರೆಗಲ್ಲು, ಅಷ್ಟೇ ಭೇದ. ಟೈಲ್‌ನ ಹಿಂಬದಿ, ಇಲ್ಲವೇ ಪಿಂಗಾಣಿ ಲೋಟದ ತಳದಲ್ಲಿ ಮೆರುಗಿಲ್ಲದ ಉಂಗುರ ಇರುತ್ತಲ್ಲ, ಅದರ ಮೇಲೆ ಚೂರನ್ನು ಒತ್ತಿ ಎಳೆಯಿರಿ. ಸಂಡೂರಿನ ಕಬ್ಬಿಣದ ಅದಿರು ನೋಡಲು ಉಕ್ಕಿನ ಬೂದಿಬಣ್ಣ ಇದ್ದರೂ ಗೆರೆ ಕೆಮ್ಮಣ್ಣಿನ ಕೆಂಪು. ಅದು ಹೆಮಟೈಟ್. ಗೆರೆ ಕಪ್ಪಾಗಿದ್ದು ಅಯಸ್ಕಾಂತಕ್ಕೆ ಬಲವಾಗಿ ಅಂಟಿದರೆ ಮ್ಯಾಗ್ನಟೈಟ್. ಹಳದಿ ಮಿಶ್ರಿತ ಕಂದು ಬಂದರೆ ತುಕ್ಕಿನ ಜಾತಿಯ ಗೋಥೈಟ್. ಬಾದಾಮಿಯ ಮರಳುಗಲ್ಲಿನ ಕೆಂಪು, ಕರಾವಳಿಯ ಜಂಬಿಟ್ಟಿಗೆಯ ಕೆಂಪು ಹಳದಿ, ಎಲ್ಲ ಈ ಕಬ್ಬಿಣದ ಖನಿಜಗಳ ಆಟವೇ. ಬೆಣಚು, ಫೆಲ್ಡ್‌ಸ್ಪಾರ್‌ಗಳಿಗೆ ಈ ಪರೀಕ್ಷೆ ಉಪಯೋಗವಿಲ್ಲ. ಒರೆಯಲ್ಲಿ ಅವುಗಳ ಬಣ್ಣ ಬಿಳಿ, ಬೆಣಚಂತೂ ಟೈಲನ್ನೇ ಗೀರುತ್ತೆ.

ಗಡಸುತನಕ್ಕೆ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಹತ್ತು ಮೆಟ್ಟಿಲಿನ ಅಳತೆ ಇವತ್ತಿಗೂ ನಡೆಯುತ್ತಿದೆ. 1 ಟಾಲ್ಕ್, 2 ಜಿಪ್ಸಮ್, 3 ಕ್ಯಾಲ್ಸೈಟ್, 4 ಫ್ಲೋರೈಟ್, 5 ಅಪಟೈಟ್, 6 ಆರ್ಥೋಕ್ಲೇಸ್ ಫೆಲ್ಡ್‌ಸ್ಪಾರ್, 7 ಕ್ವಾರ್ಟ್ಸ್, 8 ಟೋಪಾಜ್, 9 ಕುರಂದ, 10 ವಜ್ರ. ಮೇಲಿನದು ಕೆಳಗಿನದನ್ನು ಗೀರುತ್ತೆ. ಕಾರ್ಖಾನೆಯಲ್ಲಿ ರಾಕ್‌ವೆಲ್ ಯಂತ್ರದಲ್ಲಿ ಉಕ್ಕಿನ ಗಡಸುತನ ಅಳೆದು ಅಭ್ಯಾಸವಿದ್ದ ನನಗೆ ಇದು ಮೊದಮೊದಲು ಬಹಳ ಒರಟು ಅನ್ನಿಸಿತ್ತು. ಇವು ತರಗತಿಯ ರ‍್ಯಾಂಕ್ ಇದ್ದ ಹಾಗೆ, ಅಂಕಗಳಲ್ಲ. ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಅಂತರ ಮಿಕ್ಕ ಎಲ್ಲ ಅಂತರಗಳಿಗಿಂತ ದೊಡ್ಡದು. ಆದರೆ ಹೊಲದ ಬದುವಿನಲ್ಲಿ ನಿಂತವನಿಗೆ ರ‍್ಯಾಂಕೇ ಸಾಕು. ಉಗುರು ಸುಮಾರು ಎರಡೂವರೆ, ತಾಮ್ರ ಸುಮಾರು ಮೂರು, ಉಕ್ಕಿನ ಮೊಳೆ ಮತ್ತು ಗಾಜು ಸುಮಾರು ಐದೂವರೆ. ಇಂಗ್ಲಿಷ್ ಪುಸ್ತಕಗಳಲ್ಲಿ "ತಾಮ್ರದ ನಾಣ್ಯದಿಂದ ಗೀರಿ" ಅಂತ ಬರೆದಿರುತ್ತಾರೆ. ನಮ್ಮ ಈಗಿನ ರೂಪಾಯಿ ನಾಣ್ಯದಲ್ಲಿ ಮಾಡಬೇಡಿ, ಅದು ಉಕ್ಕು. ವಿದ್ಯುತ್ ತಂತಿಯ ಒಳಗಿನ ತಾಮ್ರ ಉಪಯೋಗಿಸಿ.

ಗೀರಿದ ಮೇಲೆ ಒದ್ದೆ ಬೆರಳಲ್ಲಿ ಒರೆಸಬೇಕು. ಗೆರೆ ಅಳಿಸಿಹೋದರೆ ಕಲ್ಲು ಗೀರಾಗಿಲ್ಲ, ತಾಮ್ರವೇ ಸವೆದು ಕಲ್ಲಿಗೆ ಮೆತ್ತಿಕೊಂಡಿತ್ತು ಅಂತ. ಇನ್ನೊಂದು: ಗೀರಬೇಕಾದ್ದು ಒಂದು ಕಣವನ್ನು, ಕಲ್ಲನ್ನಲ್ಲ. ಬಾದಾಮಿಯ ಮರಳುಗಲ್ಲನ್ನು ಮೊಳೆಯಿಂದ ಕೆರೆದರೆ ಪುಡಿ ಉದುರುತ್ತೆ. ಹಾಗಂತ ಅದು ಮೆದು ಖನಿಜವಲ್ಲ, ಉದುರಿದ ಪ್ರತಿ ಕಣವೂ ಏಳನೇ ಮೆಟ್ಟಿಲಿನ ಬೆಣಚು. ಸಡಿಲವಾದದ್ದು ಕಣಗಳನ್ನು ಹಿಡಿದಿರುವ ಬಂಧ. ಬಾದಾಮಿಯ ಕೋಟೆ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನ (543), ಮೂರನೇ ಗುಹೆಯ ಮಂಗಲೇಶನ ಶಾಸನ (578) ಎಲ್ಲ ಇಂಥ ಮರಳುಗಲ್ಲಿನಲ್ಲೇ ಇವೆ. ಇಂಥ ಕಲ್ಲಿಗೆ ಶತ್ರು ಗೀರಲ್ಲ, ಒಳಗೆ ಇಳಿದು ಒಣಗುವ ಉಪ್ಪುನೀರು.

ಹಾಗಾದರೆ ಬಳಪದ ಕಲ್ಲು? ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದ ಬಳಪವನ್ನು ನೆನಪು ಮಾಡಿಕೊಳ್ಳಿ. ಅದರ ಮುಖ್ಯ ಖನಿಜ ಟಾಲ್ಕ್, ಮೊದಲನೇ ಮೆಟ್ಟಿಲು. ಹೊಯ್ಸಳ ದೇವಾಲಯಗಳ ಕಲ್ಲಿನಲ್ಲಿ ಇದರ ಜತೆಗೆ ಹಸಿರು ಕ್ಲೋರೈಟ್ ಸೇರಿರುತ್ತೆ, ಅದಕ್ಕೇ ಭೂವಿಜ್ಞಾನಿಗಳು ಕ್ಲೋರಿಟಿಕ್ ಶಿಸ್ಟ್ ಅನ್ನುವುದು. ಹೊಸ ಮುರಿತವನ್ನು ಮುಟ್ಟಿದರೆ ಸೋಪು ಮುಟ್ಟಿದ ಹಾಗೆ ಜಾರುತ್ತೆ, ತಾಮ್ರದ ತಂತಿಯಿಂದ ಸಲೀಸಾಗಿ ಗೀರು ಬೀಳುತ್ತೆ. ಕ್ಲೋರೈಟನ್ನು ಅಭ್ರಕದಿಂದ ಬೇರೆ ಮಾಡಲು ಒಂದು ಸುಲಭದ ಗುರುತು: ಎರಡೂ ಹಾಳೆ ಹಾಳೆಯಾಗಿ ಏಳುತ್ತವೆ, ಆದರೆ ಅಭ್ರಕದ ಹಾಳೆ ಬಗ್ಗಿಸಿ ಬಿಟ್ಟರೆ ಸ್ಪ್ರಿಂಗಿನಂತೆ ವಾಪಸ್ ಬರುತ್ತೆ, ಕ್ಲೋರೈಟ್ ಬಗ್ಗಿದ್ದು ಬಗ್ಗಿದ ಹಾಗೇ ಇರುತ್ತೆ.

ಕಪ್ಪು ಕಲ್ಲುಗಳು ಎಷ್ಟು?

ಈಗ ಆ "ಕಪ್ಪು ಕಲ್ಲಿ"ಗೆ ಬರೋಣ. ನಮ್ಮ ರಾಜ್ಯದ ಶಾಸನಗಳಲ್ಲಿ ಕಪ್ಪಾಗಿ ಕಾಣುವ ಕಲ್ಲು ಕನಿಷ್ಠ ಐದು ಬಗೆಯದ್ದಾಗಿರಬಹುದು.

ಎಣ್ಣೆ ಕುಡಿದ ಬಳಪದ ಕಲ್ಲು ಒಂದು. ಪೂಜೆಗೊಳ್ಳುವ ಕಲ್ಲುಗಳೆಲ್ಲ ಕಪ್ಪೇ. ಹಾಗಾಗಿ ಬಣ್ಣವನ್ನು ನೋಡುವಾಗ ಎಣ್ಣೆ ತಾಕದ, ಮಣ್ಣಿಗೆ ಹತ್ತಿರದ ಭಾಗ ನೋಡಬೇಕು. ಅಲ್ಲಿ ಹಸಿರು ಮಿಶ್ರಿತ ಬೂದಿ ಕಂಡರೆ ಅರ್ಧ ಉತ್ತರ ಸಿಕ್ಕಿತು.

ಎರಡನೆಯದು ಡಾಲರೈಟ್. ಗ್ನೈಸ್ ಪ್ರದೇಶವನ್ನು ಸೀಳಿಕೊಂಡು ಗೋಡೆಯ ಹಾಗೆ ಎದ್ದಿರುವ ಕರಿ ಬಂಡೆಸಾಲುಗಳಿವೆಯಲ್ಲ, ಅದು. ಮೂರನೆಯದು ಬಸಾಲ್ಟ್, ಬೀದರ್, ವಿಜಯಪುರ, ಬೆಳಗಾವಿ ಕಡೆಯ ಲಾವಾದ ಕಲ್ಲು. ಇವೆರಡರ ಖನಿಜಗಳು ಹೆಚ್ಚುಕಡಿಮೆ ಒಂದೇ, ಪೈರಾಕ್ಸೀನ್ ಮತ್ತು ಪ್ಲೇಜಿಯೊಕ್ಲೇಸ್ ಫೆಲ್ಡ್‌ಸ್ಪಾರ್, ಜತೆಗೆ ಚೂರು ಮ್ಯಾಗ್ನಟೈಟ್. ಡಾಲರೈಟ್‌ನಲ್ಲಿ ಮಸೂರಕ್ಕೆ ಸಣ್ಣ ಕಡ್ಡಿಗಳಂಥ ಫೆಲ್ಡ್‌ಸ್ಪಾರ್ ಕಾಣುತ್ತೆ. ಬಸಾಲ್ಟ್‌ನಲ್ಲಿ ಕಣ ಕಾಣುವುದೇ ಕಷ್ಟ, ಆದರೆ ಅನಿಲದ ಗುಳ್ಳೆಗಳ ತೂತುಗಳು, ಅವುಗಳಲ್ಲಿ ತುಂಬಿಕೊಂಡ ಬಿಳಿ ಜಿಯೊಲೈಟ್, ಬೆಣಚು ಅಥವಾ ಕ್ಯಾಲ್ಸೈಟ್ ಇರಬಹುದು. ಈ ಬಿಳಿ ಚುಕ್ಕೆಗಳೂ ಫೋಟೋದಲ್ಲಿ ಸೊನ್ನೆಯಂತೆ ಕಾಡುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯದರ ಕಥೆ ನಮ್ಮಂಥವರಿಗೆಂದೇ ಇರುವಂಥದ್ದು. ಕೊಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಸಮಾಧಿ ಇದೆ. ಅದರ ಮೇಲೆ ಲ್ಯಾಟಿನ್ ಬರಹ ಕೆತ್ತಿದ ಒಂದು ಕಪ್ಪು ಕಲ್ಲು. ಗಂಗೆಯ ಮೆಕ್ಕಲುಮಣ್ಣಿನ ಆ ಊರಿನಲ್ಲಿ ಅಂಥ ಕಲ್ಲು ಎಲ್ಲಿಂದ ಬರಬೇಕು? ಅದು ಮದರಾಸಿನ ಕಡೆಯದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್ 1893ರಲ್ಲಿ ಈ ಜಾತಿಯ ಶಿಲೆಗೆ ಹೆಸರಿಡುವಾಗ ಆ ಸಮಾಧಿಯ ಕಲ್ಲನ್ನೇ ಹಿಡಿದು ‘ಚಾರ್ನಾಕೈಟ್’ ಎಂದು ಕರೆದ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇರುವ ಒಂದು ಶಿಲೆಯ ಹೆಸರು ಬಂದದ್ದು ಒಂದು ಶಾಸನದ ಕಲ್ಲಿನಿಂದ! ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆ ಇದು ಹೇರಳ. ಕನಕಪುರದ ಹತ್ತಿರದ ಕಬ್ಬಾಳದ ಕಲ್ಲುಗಣಿಯಲ್ಲಿ ಗ್ನೈಸ್ ಬಂಡೆಯೇ ಅಲ್ಲಲ್ಲಿ ಚಾರ್ನಾಕೈಟ್ ಆಗಿ ಬದಲಾಗಿರುವುದನ್ನು ನೋಡಲು ಹೊರದೇಶದವರೂ ಬರುತ್ತಾರೆ. ಗುರುತು: ಎಣ್ಣೆ ಸವರಿದಂಥ ಮಂಕು ಹಸಿರು ಮಿನುಗು, ನಡುವೆ ನೀಲಿ ಬೂದಿ ಬೆಣಚು, ಕಂದುಗಪ್ಪು ಹೈಪರ್ಸ್ಥೀನ್. ಬೆಣಚು ಕಂಡಿತೋ, ಡಾಲರೈಟ್, ಬಸಾಲ್ಟ್ ಎರಡನ್ನೂ ಪಟ್ಟಿಯಿಂದ ತೆಗೆಯಬಹುದು.

ಐದನೆಯದು ಕಪ್ಪು ಸುಣ್ಣಶಿಲೆ, ಅಡುಗೆಮನೆ ಕಟ್ಟೆಗೆ ಹಾಕುವ ಕಡಪ ಕಲ್ಲಿನ ಜಾತಿ. ಅದಕ್ಕೆ ಆಮ್ಲದ ಪರೀಕ್ಷೆ, ಮುಂದೆ ಹೇಳುತ್ತೇನೆ.

ಕಣ್ಣಿಗೆ ತೀರ್ಮಾನ ಆಗದಿದ್ದರೆ ಸಾಂದ್ರತೆ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣ ಚೂರನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಚೂರನ್ನು ದಾರದಲ್ಲಿ ಕಟ್ಟಿ, ತಳ ತಾಗದ ಹಾಗೆ ನೀರೊಳಗೆ ಇಳಿಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಆ ಚೂರಿನ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ನನ್ನ ಹತ್ತಿರ ಇರುವ ಒಂದು ಕರಿ ಚೂರು ಒಣಗಿದಾಗ 148 ಗ್ರಾಂ, ನೀರಿನಲ್ಲಿ 49, ಭಾಗಿಸಿದರೆ 3.02. ಡಾಲರೈಟ್. ಗ್ನೈಸ್ ಮತ್ತು ಬೆಣಚು ಹೆಚ್ಚಿರುವ ಚಾರ್ನಾಕೈಟ್ 2.7ರ ಆಸುಪಾಸಿನಲ್ಲಿ ಇರುತ್ತವೆ. ಶುದ್ಧ ಖನಿಜಗಳಲ್ಲಿ ಬೆಣಚು 2.65, ಕ್ಯಾಲ್ಸೈಟ್ 2.71, ಮ್ಯಾಗ್ನಟೈಟ್ ಮತ್ತು ಹೆಮಟೈಟ್ ಐದರ ಮೇಲೆ. ಚೂರು ಐವತ್ತು ಗ್ರಾಂಗಿಂತ ಚಿಕ್ಕದಾದರೆ ತಕ್ಕಡಿಯ ದೋಷವೇ ಹೆಚ್ಚಾಗುತ್ತೆ, ದೊಡ್ಡ ಚೂರು ತಗೊಳ್ಳಿ. ಇಷ್ಟರ ಜತೆಗೆ, ದಾರದಲ್ಲಿ ತೂಗಿಬಿಟ್ಟ ಅಯಸ್ಕಾಂತ ಡಾಲರೈಟ್ ಹತ್ತಿರ ಬಂದಾಗ ಸ್ವಲ್ಪ ವಾಲುತ್ತೆ. ಬೆಳ್ಳನೆಯ ಗ್ನೈಸ್ ಹತ್ತಿರ ಸಾಮಾನ್ಯವಾಗಿ ಸುಮ್ಮನಿರುತ್ತೆ.

ನಿಂಬೆಹಣ್ಣು

ರಾಸಾಯನಿಕ ಪರೀಕ್ಷೆ ಎಂದರೆ ಭೂವಿಜ್ಞಾನಿಗಳು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆ ತೆಗೆಯುತ್ತಾರೆ. ಕ್ಯಾಲ್ಸೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಬಿದ್ದ ಕೂಡಲೇ ಇಂಗಾಲದ ಡೈಆಕ್ಸೈಡ್ ನೊರೆಯಾಗಿ ಬರುತ್ತೆ. ಡೋಲೊಮೈಟ್ ಪುಡಿ ಮಾಡಿದರೆ ಮಾತ್ರ ನೊರೆ ಕೊಡುತ್ತೆ. ಬೆಣಚು, ಫೆಲ್ಡ್‌ಸ್ಪಾರ್, ಟಾಲ್ಕ್ ಸುಮ್ಮನಿರುತ್ತವೆ. ನಮಗೆ ಸೀಸೆ ಬೇಡ. ಚೂರನ್ನು ಮೊಳೆಯಿಂದ ಕೆರೆದು ಪುಡಿಯ ಮೇಲೆ ನಿಂಬೆರಸ ಬಿಟ್ಟು ಮಸೂರದಲ್ಲಿ ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಕಡಪ ಕಲ್ಲಿನ ಕಟ್ಟೆಯ ಮೇಲೆ ನಿಂಬೆರಸ, ಹುಣಿಸೆ ಹುಳಿ ಬಿದ್ದ ಜಾಗ ಹೊಳಪು ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಮನೆಯಲ್ಲಿ ಅಡುಗೆ ಮಾಡುವವರಿಗೆ ಈ ರಸಾಯನಶಾಸ್ತ್ರ ಮೊದಲೇ ಗೊತ್ತು. ಒಂದು ಎಚ್ಚರಿಕೆ: ಹೊಸ ಮುರಿತದ ಮೇಲೇ ಮಾಡಬೇಕು. ಹಿಂದೆ ಯಾವಾಗಲೋ ಸುಣ್ಣ ಬಳಿದ ಗ್ನೈಸ್ ಕೂಡ ಮೇಲ್ಮೈಯಲ್ಲಿ ನೊರೆ ಕೊಡುತ್ತೆ, ಯಾಕಂದರೆ ಬಳಿದ ಸುಣ್ಣ ಗಾಳಿಯಲ್ಲಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿರುತ್ತೆ.

ಭೀಮಾ ತೀರದ ಸುಣ್ಣಶಿಲೆಯ ಸೀಮೆಯಲ್ಲಿ ಇದು ಬರೀ ಹೆಸರಿಡುವ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪದ ಫಲಕಗಳು ಸುಣ್ಣಶಿಲೆಯವು. "ರಾಯೋ ಅಸೋಕೋ" ಎಂಬ ಹೆಸರಿರುವ ಪ್ರಸಿದ್ಧ ಫಲಕ ಅಲ್ಲಿಯದೇ. ಆ ಸೀಮೆಯ ಒಂದು ಹಳ್ಳಿಗೆ ಹೋಗಿದ್ದಾಗ ಗುಡಿಯ ಜೀರ್ಣೋದ್ಧಾರ ನಡೆದಿತ್ತು. ಗೋಡೆಗೆ ಆನಿಸಿಟ್ಟ ಶಾಸನದ ಮೇಲೆ ಹಲವು ಕೋಟು ಸುಣ್ಣ. ಪಕ್ಕದಲ್ಲಿ ಒಂದು ಕ್ಯಾನು ಆಸಿಡ್ ತಂದಿಟ್ಟಿದ್ದರು. ತೊಳೆದು ಸ್ವಚ್ಛ ಮಾಡಿ ಬಣ್ಣ ತುಂಬುವ ಯೋಚನೆ. ಬೇಡ ಎಂದಾಗ ಕೆಲಸದ ಉಸ್ತುವಾರಿಯಲ್ಲಿದ್ದ ಹಿರಿಯರು, "ಕಲ್ಲಿಗಿ ಆಸಿಡ್ ಏನ್ ಮಾಡ್ತದ್ರೀ ಸರ? ಮನ್ಯಾಗ ಟೈಲ್ಸ್ ತೊಳಿಯಾಂಗಿಲ್ಲೇನ್ರೀ?" ಎಂದರು. ಪ್ರಶ್ನೆ ಸರಿಯಾದದ್ದೇ. ಅಂಗಳದಲ್ಲಿ ಬಿದ್ದಿದ್ದ ಅದೇ ಜಾತಿಯ ಒಡೆದ ಪರಸಿ ಕಲ್ಲನ್ನು ತರಿಸಿ, ಅದರ ಮೇಲೆ ಅವರ ಕೈಯಿಂದಲೇ ಒಂದು ಚಮಚದಷ್ಟು ಆಸಿಡ್ ಬಿಡಿಸಿದೆ. ಬುಸ್ಸೆಂದು ನೊರೆ ಎದ್ದಿತು. ನೀರು ಹಾಕಿ ತೊಳೆದು ಬೆರಳಾಡಿಸಿದಾಗ ಅಲ್ಲೊಂದು ತಗ್ಗು. "ಅಕ್ಷರಾನೂ ಹಿಂಗ ತಿಂತದಲ್ರೀ, ಯಜಮಾನ್ರ" ಎಂದೆ. ಅವರು ಏನೂ ಹೇಳದೆ ಕ್ಯಾನಿನ ಮುಚ್ಚಳ ಹಾಕಿಸಿದರು. ಸುಣ್ಣದ ಕೋಟೂ ಕ್ಯಾಲ್ಸಿಯಂ ಕಾರ್ಬೊನೇಟ್, ಕೆಳಗಿನ ಕಲ್ಲೂ ಅದೇ; ಯಾವುದು ಬಳಿದದ್ದು, ಯಾವುದು ಕೆತ್ತಿದ್ದು ಎಂದು ಆಸಿಡ್‌ಗೆ ಗೊತ್ತಾಗುವುದಿಲ್ಲ. ಕೆತ್ತನೆಯ ಆಳ ಎರಡು ಮೂರು ಮಿಲಿಮೀಟರ್ ಇರುವ ಕಡೆ ಒಂದು ಮಧ್ಯಾಹ್ನದ ತೊಳೆತ ಸಾಕು, ಸಾವಿರ ವರ್ಷದ ಬರಹ ಹೋಗಲಿಕ್ಕೆ.

ಗ್ನೈಸ್‌ಗಾದರೆ ಆಸಿಡ್ ಹಾಕಬಹುದಲ್ಲ ಎಂದು ತಿಳಿಯಬೇಡಿ. ಬಯೋಟೈಟ್, ಕ್ಲೋರೈಟ್‌ಗಳಲ್ಲಿ ಕಬ್ಬಿಣ ಇದೆ. ಆಮ್ಲಕ್ಕೆ ಅದು ಬಿಟ್ಟುಕೊಂಡು ಕಲ್ಲಿಗೆ ತುಕ್ಕಿನ ಕಲೆ ಹತ್ತುತ್ತೆ. ಬಳಪದ ಕಲ್ಲಿನಲ್ಲಿ ಕಾರ್ಬೊನೇಟ್ ಖನಿಜಗಳೂ ಬೆರೆತಿರುವುದುಂಟು. ಅವು ಕರಗಿ ಕಲ್ಲು ಒಳಗಿಂದ ಟೊಳ್ಳಾಗುತ್ತೆ. ಮರಳು ಊದಿ ಸ್ವಚ್ಛ ಮಾಡುವುದು ಇನ್ನೂ ಕೆಟ್ಟದ್ದು: ಏಳನೇ ಮೆಟ್ಟಿಲಿನ ಬೆಣಚನ್ನು ಒಂದು ಎರಡನೇ ಮೆಟ್ಟಿಲಿನ ಟಾಲ್ಕ್, ಕ್ಲೋರೈಟ್ ಮೇಲೆ ಬೀಸಿ ಎಸೆದರೆ ಏನಾಗುತ್ತೆ ಎನ್ನುವುದಕ್ಕೆ ಮೋಸ್‌ನ ಪಟ್ಟಿಯೇ ಉತ್ತರ. ಸಾದಾ ನೀರು, ಮೆದುವಾದ ನೈಲಾನ್ ಬ್ರಶ್, ತಾಳ್ಮೆ, ಅಷ್ಟೇ. ದಪ್ಪ ಸುಣ್ಣವಿದ್ದರೆ ಪುರಾತತ್ವ ಇಲಾಖೆಯ ರಸಾಯನತಜ್ಞರಿಗೆ ಬಿಡುವುದು.

ಕಾಗೆ ಬಂಗಾರ

ಆಸಿಡ್‌ಗಿಂತ ದೊಡ್ಡ ಪಿಡುಗು ನಿಧಿಗಳ್ಳರು. ಶಾಸನ ಅಂದರೆ ನಿಧಿಯ ನಕ್ಷೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ, ಅದರ ಮೇಲೆ ಕಲ್ಲಿನಲ್ಲಿ ಏನಾದರೂ ಹಳದಿಯಾಗಿ ಮಿನುಗಿದರೆ ಮುಗಿಯಿತು. ಮಿನುಗುವುದು ಬಹುತೇಕ ಮಳೆ ಬಿಸಿಲಿಗೆ ಬಣ್ಣ ಮಾಸಿ ಹೊಂಬಣ್ಣಕ್ಕೆ ತಿರುಗಿದ ಬಯೋಟೈಟ್. ನಮ್ಮ ಹಿರಿಯರು ಅಭ್ರಕಕ್ಕೆ "ಕಾಗೆ ಬಂಗಾರ" ಎಂದು ಹೆಸರಿಟ್ಟದ್ದರಲ್ಲೇ ಎಲ್ಲ ಹೇಳಿಬಿಟ್ಟಿದ್ದಾರೆ. ಸೂಜಿಯಿಂದ ಎಬ್ಬಿಸಿದರೆ ಅದು ಹಾಳೆಯಾಗಿ ಬರುತ್ತೆ. ಚಿನ್ನವಾದರೆ ಬಗ್ಗುತ್ತೆ, ಚಪ್ಪಟೆಯಾಗುತ್ತೆ, ಹಾಳೆಯಾಗಿ ಸೀಳುವುದಿಲ್ಲ. ಇನ್ನೊಂದು ಮೋಸಗಾರ ಪೈರೈಟ್, ಕಬ್ಬಿಣ ಮತ್ತು ಗಂಧಕದ ಖನಿಜ. ಹಿತ್ತಾಳೆಯ ಬಣ್ಣ, ಘನಾಕಾರದ ಹರಳು, ಮೊಳೆಗೂ ಗೀರು ಬೀಳದಷ್ಟು ಗಡಸು. ಟೈಲ್ ಮೇಲೆ ಎಳೆದರೆ ಹಸಿರುಗಪ್ಪು ಗೆರೆ. ಚಿನ್ನದ ಗೆರೆ ಚಿನ್ನದ ಬಣ್ಣವೇ, ಉಗುರಿಗಿಂತ ಸ್ವಲ್ಪ ಗಟ್ಟಿ ಅಷ್ಟೇ, ಸಾಂದ್ರತೆ 19.3. ಈ ಮೂರನ್ನು ಒಂದು ಚೂರು ಕಲ್ಲಿನ ಜತೆ ಊರ ಹುಡುಗರಿಗೆ ತೋರಿಸಿಕೊಟ್ಟರೆ ಒಂದು ವೀರಗಲ್ಲು ಉಳಿದೀತು. ಶಾಲೆಗಳಲ್ಲಿ ನಾನು ತೋರಿಸುವುದು ಇದನ್ನೇ, ಲಿಪಿ ಆಮೇಲೆ.

ಚಿನ್ನ ಹುಡುಕುವವರೆಲ್ಲ ಶಾಸನದ ಶತ್ರುಗಳಲ್ಲ ಎಂದೂ ಹೇಳಬೇಕು. ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಒಬ್ಬ ಗಣಿ ಎಂಜಿನಿಯರ್. ಆ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದವನು. "ದೇವಾನಾಂಪ್ರಿಯ" ಎಂಬ ಬಿರುದಿನ ಜತೆ "ಅಶೋಕ" ಎಂಬ ಹೆಸರೂ ಇರುವ ಶಾಸನ ಸಿಕ್ಕಿದ್ದು ಕಲ್ಲನ್ನು ಕಲ್ಲೆಂದು ನೋಡುತ್ತಾ ಹೋದವನ ಕಣ್ಣಿಗೆ.

ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಶಾಸನಕ್ಕೂ ಅಳತೆಯ ಕೆಳಗೆ ಇನ್ನೊಂದು ಸಾಲು ಇರುತ್ತೆ. ತುಮಕೂರು ಜಿಲ್ಲೆಯ ಒಂದು ವೀರಗಲ್ಲಿಗೆ ಬರೆದದ್ದು ಹೀಗಿದೆ: "ಶಿಲೆ: ಡಾಲರೈಟ್. ಚೂರು ಶಾಸನದ್ದಲ್ಲ, ಊರ ದಕ್ಷಿಣದ ಕರಿ ಬಂಡೆಸಾಲಿನದ್ದು. ಮಸೂರದಲ್ಲಿ ಎರಡೂ ಒಂದೇ. ಕಣ ಒಂದು ಮಿಲಿಮೀಟರ್ ಒಳಗೆ, ಬೆಣಚು ಇಲ್ಲ. ತಾಮ್ರಕ್ಕೆ ಗೀರು ಬಿದ್ದಿಲ್ಲ. ಅಯಸ್ಕಾಂತ ವಾಲುತ್ತದೆ. ನಿಂಬೆರಸಕ್ಕೆ ನೊರೆ ಇಲ್ಲ. ಸಾಂದ್ರತೆ 3.02. ಮೇಲ್ಮೈ ಕಂದು ತುಕ್ಕಿನ ಪೊರೆ, ಅಕ್ಷರದೊಳಗೂ ಅದೇ ಪೊರೆ ಇದೆ. ಮೂರನೇ ಸಾಲಿನ ಕೊನೆಯ ಚುಕ್ಕೆಗೆ ದುಂಡು ಅಂಚು, ತಳ ಜಜ್ಜಿದೆ: ಸೊನ್ನೆ ಎಂದೇ ಓದಿದೆ."